ಎರಡನೇ ಕೇಬಲ್ ಇದ್ದರಷ್ಟೇ ಸಾಲದು

ಡೇಟಾ ಸೆಂಟರ್‌ನ ಬಾಗಿಲು ತೆರೆದೊಡನೆ ಮೊದಲು ಕಿವಿಗೆ ಬಡಿಯುವುದು ಫ್ಯಾನುಗಳ ಮೊರೆತ. ಪಕ್ಕದಲ್ಲಿ ನಿಂತವರೊಡನೆ ಮಾತಾಡಲೂ ದನಿ ಏರಿಸಬೇಕು. ರ‍್ಯಾಕುಗಳ ಮುಂದೆ ತಣ್ಣನೆ ಗಾಳಿ, ಹಿಂದಕ್ಕೆ ಹೋದರೆ ಮುಖಕ್ಕೆ ರಾಚುವ ಬಿಸಿಗಾಳಿ. ಆ ಹಿಂಬದಿಯಲ್ಲಿ ಕೇಬಲ್‌ಗಳದ್ದೇ ರಾಜ್ಯ. ಆಳೆತ್ತರದ ರ‍್ಯಾಕಿನಲ್ಲಿ ಒಂದರ ಮೇಲೊಂದು ಕುಳಿತ ಸರ್ವರ್‌ಗಳು. ಪ್ರತಿಯೊಂದರ ಬೆನ್ನಿನಿಂದ ಎರಡು ವಿದ್ಯುತ್ ವೈರು, ಎರಡು ನೆಟ್‌ವರ್ಕ್ ಕೇಬಲ್. ಒಂದು ಕೇಬಲ್ ಒಂದು ಸ್ವಿಚ್ಚಿಗೆ, ಇನ್ನೊಂದು ಬೇರೆ ಸ್ವಿಚ್ಚಿಗೆ. ಪೋರ್ಟಿನ ಪಕ್ಕ ಹಸಿರು ದೀಪಗಳು ಮಿನುಗುತ್ತಿರುತ್ತವೆ.

ನಾವು ಮೊಬೈಲಿನಿಂದ ಕಳಿಸಿದ ಫೋಟೊ, ಬ್ಯಾಂಕಿನ ಖಾತೆ ವಿವರ, ಆಸ್ಪತ್ರೆಯ ಸ್ಕ್ಯಾನ್, ಜಮೀನಿನ ದಾಖಲೆ ಎಲ್ಲವೂ ಕೊನೆಗೆ ಇಂಥದ್ದೇ ಕೋಣೆಗಳಲ್ಲಿರುವ ಡಿಸ್ಕ್‌ಗಳಿಗೆ ಹೋಗಿ ಸೇರುತ್ತವೆ. ‘ಒಂದು ಕೇಬಲ್ ಹೋದರೆ ಇನ್ನೊಂದಿದೆಯಲ್ಲ’ ಎಂಬ ಧೈರ್ಯದ ಮೇಲೆ ಇಡೀ ವ್ಯವಸ್ಥೆ ನಿಂತಿದೆ.

ಆದರೆ ಎರಡನೇ ಕೇಬಲ್ ಹಾಕಿಸುವವರ ಮನಸ್ಸಿನಲ್ಲಿ ಎರಡು ಆಸೆಗಳಿರುತ್ತವೆ. ಒಂದು ಕೆಟ್ಟರೆ ಇನ್ನೊಂದು ಕೈಹಿಡಿಯಲಿ ಎಂಬುದು ಮೊದಲನೆಯದು. ಇಷ್ಟು ದುಡ್ಡು ಕೊಟ್ಟ ಮೇಲೆ ಎರಡೂ ದುಡಿಯಲಿ, ವೇಗ ಇಮ್ಮಡಿಯಾಗಲಿ ಎಂಬುದು ಎರಡನೆಯದು. ಈ ಎರಡು ಆಸೆಗಳ ನಡುವೆ ಜಗಳವಿದೆ. ಅದನ್ನು ಬಗೆಹರಿಸದೆ ಬಿಟ್ಟಾಗ ಏನಾಗುತ್ತದೆ ಎಂಬುದಕ್ಕೆ ಅಮೆರಿಕದಲ್ಲೂ ಮುಂಬೈಯಲ್ಲೂ ದೊಡ್ಡ ಉದಾಹರಣೆಗಳಿವೆ.

ಒಂದು ಫೈಲ್, ಮೂರು ಪ್ರತಿ

ಒಂದೇ ಯಂತ್ರದಲ್ಲಿ ಹಿಡಿಸದಷ್ಟು ದತ್ತಾಂಶವನ್ನು ಹತ್ತಾರು ಇಲ್ಲವೇ ನೂರಾರು ಸರ್ವರ್‌ಗಳಲ್ಲಿ ಹಂಚಿಟ್ಟು, ಬಳಸುವವರಿಗೆ ಮಾತ್ರ ಒಂದೇ ದೊಡ್ಡ ಉಗ್ರಾಣವಾಗಿ ತೋರಿಸುವ ವ್ಯವಸ್ಥೆಗೆ ಸ್ಟೋರೇಜ್ ಕ್ಲಸ್ಟರ್ ಎನ್ನುತ್ತಾರೆ. ಡಿಸ್ಕ್ ಕೆಡುವುದು ಇಲ್ಲಿ ದಿನನಿತ್ಯದ ಸಂಗತಿ. ಹಾಗಾಗಿ ಪ್ರತಿಯೊಂದು ತುಣುಕನ್ನೂ ಸಾಮಾನ್ಯವಾಗಿ ಮೂರು ಬೇರೆ ಬೇರೆ ಸರ್ವರ್‌ಗಳಲ್ಲಿ ಇಡುತ್ತಾರೆ.

ಈ ಮೂರು ಪ್ರತಿಗಳ ಭಾರವನ್ನು ಹೊರುವುದು ನೆಟ್‌ವರ್ಕ್. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂತಾಕ್ರೂಜ್ ಕ್ಯಾಂಪಸ್ಸಿನಲ್ಲಿ ಸೇಜ್ ವೈಲ್ ಅವರ ಸಂಶೋಧನೆಯಿಂದ ಹುಟ್ಟಿ, ಇಂದು ಜಗತ್ತಿನೆಲ್ಲೆಡೆ ಬಳಕೆಯಲ್ಲಿರುವ ‘ಸೆಫ್’ ತಂತ್ರಾಂಶದಲ್ಲಿ ಗ್ರಾಹಕ ಯಂತ್ರ ಒಂದು ಪ್ರತಿಯನ್ನು ಒಂದು ಸರ್ವರ್‌ಗೆ ಕೊಡುತ್ತದೆ. ಆ ಸರ್ವರ್ ಇನ್ನೆರಡು ಸರ್ವರ್‌ಗಳಿಗೆ ಪ್ರತಿ ಕಳಿಸುತ್ತದೆ. ಹೊರಗಿನಿಂದ ಒಂದು ಪಾಲು ಬಂದರೆ ಒಳಗೆ ಎರಡು ಪಾಲು ಓಡಾಡುತ್ತದೆ.

ಬೆಂಗಳೂರಿನ ಎಂಜಿನಿಯರುಗಳ ಕೈಯಲ್ಲಿ ಬೆಳೆದ ‘ಗ್ಲಸ್ಟರ್’ ತಂತ್ರಾಂಶದ್ದು ಬೇರೆ ದಾರಿ. ಆನಂದ್ ಬಾಬು ಪೆರಿಯಸಾಮಿ ಸ್ಥಾಪಿಸಿದ ಗ್ಲಸ್ಟರ್ ಕಂಪನಿಯನ್ನು 2011ರಲ್ಲಿ ಅಮೆರಿಕದ ರೆಡ್ ಹ್ಯಾಟ್ ಕಂಪನಿ ಸುಮಾರು 13.6 ಕೋಟಿ ಡಾಲರ್ ಕೊಟ್ಟು ಖರೀದಿಸಿತು. ಇದರ ಮೂಲ ವಿನ್ಯಾಸದಲ್ಲಿ ಗ್ರಾಹಕ ಯಂತ್ರವೇ ಮೂರೂ ಪ್ರತಿಗಳನ್ನು ಮೂರು ಸರ್ವರ್‌ಗಳಿಗೆ ಬರೆಯುತ್ತದೆ. 10 ಗಿಗಾಬಿಟ್ ಕೇಬಲ್ ಎಂದರೆ ಸೆಕೆಂಡಿಗೆ ಹೆಚ್ಚೆಂದರೆ 1.25 ಗಿಗಾಬೈಟ್. ಮೂರು ಪ್ರತಿ ಬರೆಯುವಾಗ ಬಳಕೆದಾರನಿಗೆ ದಕ್ಕುವುದು ಅದರ ಮೂರನೇ ಒಂದು ಭಾಗ ಮಾತ್ರ.

ಇನ್ನು ಡಿಸ್ಕ್ ಕೆಟ್ಟಾಗ. 10 ಟೆರಾಬೈಟ್ ತುಂಬಿದ್ದ ಡಿಸ್ಕಿನಲ್ಲಿದ್ದುದನ್ನೆಲ್ಲ ಉಳಿದ ಪ್ರತಿಗಳಿಂದ ಮರಳಿ ಕಟ್ಟಬೇಕು. 1 ಗಿಗಾಬಿಟ್ ಕೇಬಲ್ ಒಂದರ ಮೇಲೆಯೇ ಅಷ್ಟನ್ನೂ ಸಾಗಿಸಿದರೆ 22 ಗಂಟೆ ಬೇಕು; 10 ಗಿಗಾಬಿಟ್ ಆದರೆ ಎರಡು ಗಂಟೆ ಹದಿಮೂರು ನಿಮಿಷ. ಅಷ್ಟು ಹೊತ್ತೂ ಆ ತುಣುಕುಗಳ ಪ್ರತಿ ಒಂದು ಕಡಿಮೆಯೇ. ಕೇಬಲ್‌ನ ವೇಗ ಇಲ್ಲಿ ದತ್ತಾಂಶದ ಆಯುಸ್ಸನ್ನೇ ನಿರ್ಧರಿಸುತ್ತದೆ.

ಮುಚ್ಚಿಟ್ಟಿದ್ದ ದಾರಿ ತೆರೆದ ಕಥೆ

ಹಿಂದೆ ಎರಡನೇ ಕೇಬಲ್ ಹಾಕುವುದೇ ಅಪಾಯವಾಗಿತ್ತು. ಎರಡು ಸ್ವಿಚ್‌ಗಳ ನಡುವೆ ಎರಡು ದಾರಿಯಿದ್ದರೆ ದತ್ತಾಂಶದ ತುಣುಕುಗಳಾದ ಪ್ಯಾಕೆಟ್‌ಗಳು ಒಂದರಲ್ಲಿ ಹೋಗಿ ಇನ್ನೊಂದರಲ್ಲಿ ಮರಳಿ ಬಂದು ಸುತ್ತತೊಡಗುತ್ತವೆ. ಇಷ್ಟು ಸುತ್ತು ಸುತ್ತಿದ ಮೇಲೆ ಸಾಯಬೇಕು ಎಂಬ ಕಟ್ಟಳೆ ಈ ಜಾಲಗಳು ಬಳಸುವ ಈಥರ್ನೆಟ್ ಪದ್ಧತಿಯಲ್ಲಿಲ್ಲ. ಕ್ಷಣಾರ್ಧದಲ್ಲಿ ಇಡೀ ಜಾಲ ಅವುಗಳಿಂದಲೇ ತುಂಬಿ ನಿಂತುಬಿಡುತ್ತದೆ.

ಇದಕ್ಕೆ 1985ರಲ್ಲಿ ಪರಿಹಾರ ಕೊಟ್ಟವರು ಅಮೆರಿಕದ ಡಿಜಿಟಲ್ ಇಕ್ವಿಪ್‌ಮೆಂಟ್ ಕಂಪನಿಯಲ್ಲಿದ್ದ ರೇಡಿಯಾ ಪರ್ಲ್‌ಮನ್. ಸ್ವಿಚ್‌ಗಳೇ (ಆಗ ‘ಬ್ರಿಡ್ಜ್’ಗಳು) ತಮ್ಮೊಳಗೆ ಮಾತಾಡಿಕೊಂಡು, ಎಲ್ಲರನ್ನೂ ಮುಟ್ಟುವ ಆದರೆ ಎಲ್ಲೂ ಸುತ್ತಿಕೊಳ್ಳದ ಒಂದು ಮರವನ್ನು ಆರಿಸಿಕೊಂಡು, ಹೆಚ್ಚುವರಿ ದಾರಿಗಳನ್ನು ಮುಚ್ಚಿಡುವ ವಿಧಾನವದು. ಹೆಸರು ಸ್ಪ್ಯಾನಿಂಗ್ ಟ್ರೀ. ಇದರಿಂದ ಸುರಕ್ಷತೆ ಸಿಕ್ಕಿತು. ಆದರೆ ಎರಡನೇ ಕೇಬಲ್ ಸುಮ್ಮನೆ ಕೂತಿತು. ಮೊದಲನೆಯದು ಕಡಿದಾಗ ಮುಚ್ಚಿದ ದಾರಿ ತೆರೆಯಲು ಹಳೆಯ ಪದ್ಧತಿಯಲ್ಲಿ 30ರಿಂದ 50 ಸೆಕೆಂಡ್ ಹಿಡಿಯುತ್ತಿತ್ತು.

ಎರಡೂ ಕೇಬಲ್‌ಗಳನ್ನು ಜೊತೆಗೂಡಿಸಿ ಒಂದೇ ದಪ್ಪ ಕೇಬಲ್ ಎಂಬಂತೆ ತೋರಿಸುವ ಯೋಚನೆ ಬಂದದ್ದು 1990ರ ದಶಕದ ಆರಂಭದಲ್ಲಿ, ಸಿಲಿಕಾನ್ ವ್ಯಾಲಿಯ ‘ಕಲ್ಪನಾ’ ಎಂಬ ಕಂಪನಿಯಲ್ಲಿ. ಭಾರತೀಯ ಮೂಲದ ವಿನೋದ್ ಭಾರದ್ವಾಜ್ ಅವರು ಲ್ಯಾರಿ ಬ್ಲೇರ್ ಜೊತೆ ಕಟ್ಟಿದ ಈ ಕಂಪನಿಗೆ ತಮ್ಮ ಪತ್ನಿಯ ಹೆಸರನ್ನೇ ಇಟ್ಟಿದ್ದರು. ಈಥರ್ನೆಟ್ ಸ್ವಿಚ್ಚನ್ನು ಮಾರುಕಟ್ಟೆಗೆ ತಂದ ಕೀರ್ತಿಯೂ ಇದೇ ಕಂಪನಿಯದು. 1994ರಲ್ಲಿ ಸಿಸ್ಕೊ ಅದನ್ನು ಖರೀದಿಸಿತು. 2000ನೇ ಇಸವಿಯಲ್ಲಿ 802.3ಎಡಿ ಎಂಬ ಮಾನದಂಡ ಬಂದು, ಯಾವುದೇ ಕಂಪನಿಯ ಸ್ವಿಚ್ ಇನ್ನೊಂದು ಕಂಪನಿಯ ಸರ್ವರ್ ಜೊತೆ ಕೇಬಲ್‌ಗಳನ್ನು ಹೀಗೆ ಬೆಸೆಯುವುದು ಸಾಧ್ಯವಾಯಿತು. ಸರ್ವರ್ ನೋಡಿಕೊಳ್ಳುವವರ ಬಾಯಲ್ಲಿ ಇದು ‘ಬಾಂಡಿಂಗ್’.

ಹಂಚಿಕೆಯ ಗುಟ್ಟು

ಎರಡು 10 ಗಿಗಾಬಿಟ್ ಕೇಬಲ್ ಬೆಸೆದರೆ 20 ಗಿಗಾಬಿಟ್ ಸಿಗುತ್ತದೆ ಎಂದುಕೊಳ್ಳುವುದು ಸಹಜ. ದೊಡ್ಡದೊಂದು ಫೈಲನ್ನು ಒಂದು ಸರ್ವರ್‌ನಿಂದ ಇನ್ನೊಂದಕ್ಕೆ ಕಳಿಸಿ ನೋಡಿದವರಿಗೆ ಸಿಗುವುದು ಮಾತ್ರ 10ರ ಒಳಗಿನ ವೇಗವೇ. ಕೇಬಲ್ ಸರಿಯಾಗಿದೆ, ಸ್ವಿಚ್ ಸರಿಯಾಗಿದೆ. ವಿನ್ಯಾಸವೇ ಹಾಗಿದೆ.

ಕಾರಣ ಪ್ಯಾಕೆಟ್‌ಗಳ ಸರದಿ. ಹತ್ತು ಹಾಳೆಯ ಪತ್ರವನ್ನು ಎರಡು ಲಕೋಟೆಗೆ ಹಂಚಿ ಎರಡು ಬಸ್ಸಿನಲ್ಲಿ ಕಳಿಸಿದರೆ, ಎರಡನೇ ಬಸ್ಸು ಮೊದಲು ತಲುಪಿ, ಓದುವವನ ಕೈಗೆ ಆರನೇ ಹಾಳೆ ಮೊದಲು ಬರಬಹುದು. ಇಂಟರ್‌ನೆಟ್‌ನ ಬಹುಪಾಲು ಸಂವಾದ ನಡೆಸುವ ಟಿಸಿಪಿ ನಿಯಮಕ್ಕೆ ಇದು ಅನುಮಾನ ಹುಟ್ಟಿಸುತ್ತದೆ. ನಡುವಿನ ಒಂದು ಪ್ಯಾಕೆಟ್ ಬಾರದೆ ಅದರ ನಂತರದವು ಬರುತ್ತಿದ್ದರೆ ಸ್ವೀಕರಿಸುವ ಯಂತ್ರ ‘ನನಗಿನ್ನೂ ಅದು ಬಂದಿಲ್ಲ’ ಎನ್ನುತ್ತದೆ. ಮೂರು ಬಾರಿ ಅದೇ ದೂರು ಬಂದರೆ ಕಳಿಸುವ ಯಂತ್ರ ಪ್ಯಾಕೆಟ್ ಕಳೆದುಹೋಯಿತೆಂದು ತೀರ್ಮಾನಿಸಿ, ಅದನ್ನು ಮತ್ತೆ ಕಳಿಸಿ, ತನ್ನ ವೇಗವನ್ನೂ ತಗ್ಗಿಸಿಕೊಳ್ಳುತ್ತದೆ. ಪ್ಯಾಕೆಟ್‌ಗಳನ್ನು ಸರದಿಯಂತೆ ಒಂದು ಆ ಕೇಬಲ್‌ಗೆ, ಒಂದು ಈ ಕೇಬಲ್‌ಗೆ ಹಾಕುವ ವಿಧಾನ ಲಿನಕ್ಸ್‌ನಲ್ಲಿ ಇದೆಯಾದರೂ ಹೆಚ್ಚಿನವರು ಅದರಿಂದ ದೂರ ಇರುವುದು ಇದೇ ಕಾರಣಕ್ಕೆ.

ಅದಕ್ಕಾಗಿ 802.3ಎಡಿ ಮಾನದಂಡ ಬೇರೆ ಶರತ್ತು ಹಾಕಿತು: ಒಂದು ಸಂವಾದದ ಪ್ಯಾಕೆಟ್‌ಗಳು ಅದಲುಬದಲಾಗಬಾರದು, ಅಂದರೆ ಅವೆಲ್ಲ ಒಂದೇ ಕೇಬಲ್‌ನಲ್ಲಿ ಹೋಗಬೇಕು. ಯಾವ ಸಂವಾದಕ್ಕೆ ಯಾವ ಕೇಬಲ್ ಎಂಬುದನ್ನು ಒಂದು ಲೆಕ್ಕ ನಿರ್ಧರಿಸುತ್ತದೆ. ಕಳಿಸುವವರ ವಿಳಾಸ, ಪಡೆಯುವವರ ವಿಳಾಸಗಳನ್ನು ಬೆರೆಸಿ ಒಂದು ಸಂಖ್ಯೆ ಮಾಡಿ, ಅದನ್ನು ಕೇಬಲ್‌ಗಳ ಸಂಖ್ಯೆಯಿಂದ ಭಾಗಿಸಿ, ಉಳಿದ ಶೇಷ ನೋಡುತ್ತಾರೆ. ಶೇಷ ಸೊನ್ನೆಯಾದರೆ ಮೊದಲ ಕೇಬಲ್, ಒಂದಾದರೆ ಎರಡನೆಯದು. ಈ ಲೆಕ್ಕಕ್ಕೆ ‘ಹ್ಯಾಶ್’ ಎನ್ನುತ್ತಾರೆ. ಕೇಬಲ್ ಎಷ್ಟು ತುಂಬಿದೆ ಎಂಬುದನ್ನು ಈ ಲೆಕ್ಕ ನೋಡುವುದೇ ಇಲ್ಲ. ನೂರಾರು ಸಂವಾದಗಳಿದ್ದರೆ ಸರಾಸರಿ ಹೆಚ್ಚುಕಡಿಮೆ ಸಮವಾಗುತ್ತದೆ ಎಂಬ ನಂಬಿಕೆಯೇ ಅದರ ಆಧಾರ.

ಸಮ–ಬೆಸದ ತೊಡಕು

ಈ ನಂಬಿಕೆ ಹೇಗೆ ಕೈಕೊಡಬಹುದೆಂದು ಒಂದು ಪುಟ್ಟ ಲೆಕ್ಕ ಮಾಡಿ ನೋಡೋಣ. ಹನ್ನೆರಡು ಸರ್ವರ್‌ಗಳು ಒಂದು ಸ್ಟೋರೇಜ್ ಸರ್ವರ್‌ನಿಂದ ಫೈಲ್ ಓದುತ್ತಿವೆ ಎಂದುಕೊಳ್ಳಿ. ಸ್ಟೋರೇಜ್ ಸರ್ವರ್‌ನ ವಿಳಾಸದ ಕೊನೆಯ ಸಂಖ್ಯೆ 10. ಉಳಿದವುಗಳಿಗೆ ಎರಡೆರಡು ವಿಳಾಸ: ಒಂದು ನಿರ್ವಹಣೆಗೆ, ಒಂದು ಸ್ಟೋರೇಜ್‌ಗೆ. ಅಚ್ಚುಕಟ್ಟಿನ ಎಂಜಿನಿಯರ್ ಸಾಲಾಗಿ ಸಂಖ್ಯೆ ಕೊಟ್ಟಿದ್ದಾರೆ. ಮೊದಲ ಯಂತ್ರಕ್ಕೆ 20 ಮತ್ತು 21, ಎರಡನೆಯದಕ್ಕೆ 22 ಮತ್ತು 23, ಹೀಗೆ ಮುಂದಕ್ಕೆ.

ಹ್ಯಾಶ್ ಲೆಕ್ಕವನ್ನು ಸರಳಗೊಳಿಸಿ, ಎರಡು ಕೊನೆಯ ಸಂಖ್ಯೆಗಳ ಮೊತ್ತ ಸಮವಾದರೆ ಮೊದಲ ಕೇಬಲ್, ಬೆಸವಾದರೆ ಎರಡನೆಯದು ಎನ್ನೋಣ. 10 ಮತ್ತು 21 ಕೂಡಿದರೆ 31, ಬೆಸ. 10 ಮತ್ತು 23 ಕೂಡಿದರೆ 33, ಅದೂ ಬೆಸ. ಹನ್ನೆರಡೂ ಯಂತ್ರಗಳ ಸ್ಟೋರೇಜ್ ವಿಳಾಸ ಬೆಸವೇ. ಹನ್ನೆರಡೂ ಸಂವಾದಗಳು ಎರಡನೇ ಕೇಬಲ್‌ಗೇ ಬಂದು ಬೀಳುತ್ತವೆ. ಮೊದಲ ಕೇಬಲ್‌ನ ದೀಪ ಹಸಿರಾಗಿಯೇ ಇರುತ್ತದೆ, ಅದರ ಮೇಲೆ ಕೆಲಸ ಮಾತ್ರ ಇಲ್ಲ. ಯಾರೂ ತಪ್ಪು ಮಾಡಿಲ್ಲ, ಆದರೂ ಹಾಕಿದ ದುಡ್ಡಿನ ಅರ್ಧ ಪೋಲು.

ಪರಿಹಾರ ಕಷ್ಟದ್ದಲ್ಲ. ವಿಳಾಸದ ಜೊತೆಗೆ ಪೋರ್ಟ್ ಸಂಖ್ಯೆಯನ್ನೂ (ಕೇಬಲ್ ಸಿಕ್ಕಿಸುವ ಪೋರ್ಟ್ ಅಲ್ಲ, ಸಂವಾದವನ್ನು ಗುರುತಿಸುವ ಸಂಖ್ಯೆ) ಲೆಕ್ಕಕ್ಕೆ ಸೇರಿಸಿದರೆ ಆಯಿತು. ಪ್ರತಿ ಹೊಸ ಸಂವಾದಕ್ಕೂ ಗ್ರಾಹಕ ಯಂತ್ರ ಹೊಸ ಪೋರ್ಟ್ ಆರಿಸಿಕೊಳ್ಳುತ್ತದೆ. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ 32768ರಿಂದ 60999ರೊಳಗಿನ ಯಾವುದೋ ಒಂದು. ಆಗ ಹಂಚಿಕೆ ಹರಡಿಕೊಳ್ಳುತ್ತದೆ. ಆದರೆ ಹೋಗುವ ಸಂಚಾರಕ್ಕೆ ಕೇಬಲ್ ಆರಿಸುವುದು ಸರ್ವರ್, ಬರುವ ಸಂಚಾರಕ್ಕೆ ಆರಿಸುವುದು ಸ್ವಿಚ್. ಸರ್ವರ್‌ನಲ್ಲಿ ಮಾತ್ರ ಸರಿಪಡಿಸಿದರೆ ಓದುವಾಗ ವೇಗ ಬಂದು, ಬರೆಯುವಾಗ ಹಳೆಯ ಇಕ್ಕಟ್ಟೇ ಉಳಿಯುತ್ತದೆ. ಎರಡೂ ತುದಿಯಲ್ಲಿ ಬದಲಾಯಿಸಬೇಕು.

ಒಂದೇ ಭಾರೀ ಸಂವಾದ ಇದ್ದಲ್ಲಿ ಇದೂ ಉಪಯೋಗಕ್ಕೆ ಬಾರದು. ಅದಕ್ಕೆ ಸ್ಟೋರೇಜ್ ತಂತ್ರಾಂಶಗಳೇ ಒಂದು ಕೆಲಸವನ್ನು ಹಲವು ಸಂವಾದಗಳಾಗಿ ಒಡೆಯಲು ಕಲಿತವು. 2012ರ ವಿಂಡೋಸ್ ಸರ್ವರ್‌ನಲ್ಲಿ ಬಂದ ಮಲ್ಟಿಚಾನೆಲ್, 2019ರಲ್ಲಿ ಲಿನಕ್ಸ್‌ನ ಎನ್‌ಎಫ್‌ಎಸ್‌ಗೆ ಬಂದ ಎನ್‌ಕನೆಕ್ಟ್ ಆಯ್ಕೆ ಇದೇ ಜಾಡಿನವು. ಇನ್ನೂ ಮುಂದೆ ಹೋಗಿ, ಪ್ಯಾಕೆಟ್‌ಗಳನ್ನು ಎಲ್ಲ ದಾರಿಗಳಿಗೂ ಚಿಮುಕಿಸಿ, ಸರದಿ ಜೋಡಿಸುವ ಹೊಣೆಯನ್ನು ಪಡೆಯುವ ತುದಿಗೆ ಬಿಡುವ ಹಾದಿಯನ್ನು 2023ರಲ್ಲಿ ಕೂಡಿದ ಅಲ್ಟ್ರಾ ಈಥರ್ನೆಟ್ ಒಕ್ಕೂಟ ಹಿಡಿದಿದೆ.

ಸತ್ತವರು ಯಾರು, ಬದುಕಿದವರು ಯಾರು?

ಕೇಬಲ್ ಪೂರ್ತಿ ಕಡಿದರೆ ಪತ್ತೆಹಚ್ಚುವುದು ಸುಲಭ. ದೀಪ ಆರುತ್ತದೆ, ಸೆಕೆಂಡಿನ ಒಂದು ಭಾಗದೊಳಗೆ ಸಂಚಾರ ಇನ್ನೊಂದಕ್ಕೆ ಹೊರಳುತ್ತದೆ. ಕಷ್ಟ ಕೊಡುವುದು ಅರ್ಧ ಸತ್ತ ಕೇಬಲ್. ಕನೆಕ್ಟರಿನ ತುದಿಗೆ ಧೂಳು ಕೂತಿದೆ, ದೀಪ ಹಸಿರಾಗಿದೆ, ಆದರೆ ಸಾವಿರದಲ್ಲಿ ಕೆಲವು ಪ್ಯಾಕೆಟ್ ಹಾಳಾಗುತ್ತಿವೆ. ಹ್ಯಾಶ್ ಲೆಕ್ಕದಲ್ಲಿ ಆ ಕೇಬಲ್ ಪಾಲಿಗೆ ಬಂದವರಿಗಷ್ಟೇ ತೊಂದರೆ. ಒಬ್ಬರು ‘ಏನೂ ತೆರೆಯುತ್ತಿಲ್ಲ’ ಎನ್ನುತ್ತಾರೆ, ಪಕ್ಕದ ಮೇಜಿನವರು ‘ನನಗೆ ಚೆನ್ನಾಗಿಯೇ ಬರುತ್ತಿದೆಯಲ್ಲ’ ಎನ್ನುತ್ತಾರೆ. ದೋಷ ಹುಡುಕುವವರ ಇಡೀ ದಿನ ಇದರಲ್ಲೇ ಕಳೆದುಹೋಗುತ್ತದೆ.

ಈ ಕೇಬಲ್ ನಿಜವಾಗಿ ಬದುಕಿದೆಯೇ ಎಂದು ಎರಡೂ ತುದಿಗಳು ಪರಸ್ಪರ ಕೇಳಿಕೊಳ್ಳುವ ಕ್ರಮವಿದೆ. ನಿಧಾನದ ಹೊಂದಾಣಿಕೆಯಲ್ಲಿ 30 ಸೆಕೆಂಡಿಗೊಮ್ಮೆ, ವೇಗದ ಹೊಂದಾಣಿಕೆಯಲ್ಲಿ ಸೆಕೆಂಡಿಗೊಮ್ಮೆ. ಮೂರು ಸಲ ಉತ್ತರ ಬಾರದಿದ್ದರೆ ಆ ಕೇಬಲ್ ಕೈಬಿಡುತ್ತಾರೆ. ಅಂದರೆ ಒಂದರಲ್ಲಿ 90 ಸೆಕೆಂಡ್ ಕಾಯಬೇಕು, ಇನ್ನೊಂದರಲ್ಲಿ 3 ಸೆಕೆಂಡ್. ಸೆಫ್‌ನ ಸರ್ವರ್‌ಗಳು ಒಂದರ ನಾಡಿ ಇನ್ನೊಂದು ಹಿಡಿದು ನೋಡುತ್ತಿರುತ್ತವೆ. 20 ಸೆಕೆಂಡ್ ಉತ್ತರವಿಲ್ಲದಿದ್ದರೆ ಸತ್ತಿತೆಂದು ದೂರು ಕೊಡುತ್ತವೆ. ಜಾಲ ಚೇತರಿಸಿಕೊಳ್ಳಲು 20 ಸೆಕೆಂಡಿಗಿಂತ ಹೆಚ್ಚು ತೆಗೆದುಕೊಂಡರೆ, ಆರೋಗ್ಯವಾಗಿರುವ ಸರ್ವರ್‌ಗೇ ಮರಣಪತ್ರ ಬರೆದಂತಾಗುತ್ತದೆ.

2012ರ ಡಿಸೆಂಬರ್ 22ರಂದು ತಂತ್ರಾಂಶದ ಕೋಡ್ ಇಡುವ ತಾಣವಾದ ಗಿಟ್‌ಹಬ್‌ನಲ್ಲಿ ನಡೆದದ್ದು ಇದೇ ಜಾತಿಯ ಅನಾಹುತ. ಜೋಡಿ ಸ್ವಿಚ್‌ಗಳ ತಂತ್ರಾಂಶ ಬದಲಿಸುವಾಗ ಸುಮಾರು 90 ಸೆಕೆಂಡ್ ಸಂಚಾರ ನಿಂತಿತು. ಜೋಡಿ ಜೋಡಿಯಾಗಿದ್ದ ಫೈಲ್ ಸರ್ವರ್‌ಗಳು ಒಂದು ಇನ್ನೊಂದನ್ನು ಸತ್ತಿದೆ ಎಂದು ಬಗೆದವು. ಎರಡೂ ಏಕಕಾಲಕ್ಕೆ ಬರೆಯದಿರಲೆಂದು ಇದ್ದ ನಿಯಮದಂತೆ ಒಂದು ಇನ್ನೊಂದನ್ನು ಆರಿಸುವ ಆದೇಶ ಕೊಟ್ಟಿತು. ಕೆಲವು ಜೋಡಿಗಳಲ್ಲಿ ಎರಡೂ ಆರಿಹೋದವು. ನೆಟ್‌ವರ್ಕ್ ಒಂದೂವರೆ ನಿಮಿಷದಲ್ಲಿ ಸರಿಹೋದರೂ ಸೇವೆ ಪೂರ್ತಿ ಮರಳಲು ಗಂಟೆಗಳೇ ಹಿಡಿದವು.

ಅಮೆಜಾನ್ ಕಲಿಸಿದ ಪಾಠ

ಇದಕ್ಕೂ ದೊಡ್ಡದು 2011ರ ಏಪ್ರಿಲ್ 21ರಂದು ಅಮೆರಿಕದ ಉತ್ತರ ವರ್ಜೀನಿಯಾದ ಅಮೆಜಾನ್ ಡೇಟಾ ಸೆಂಟರ್‌ಗಳಲ್ಲಿ ನಡೆದದ್ದು. ಏನಾಯಿತೆಂದು ಕಂಪನಿಯೇ ವಿವರವಾಗಿ ಪ್ರಕಟಿಸಿತು. ಅದರ ಸ್ಟೋರೇಜ್ ಕ್ಲಸ್ಟರ್‌ನಲ್ಲಿ ಎರಡು ನೆಟ್‌ವರ್ಕ್ ಇದ್ದವು. ಮುಖ್ಯ ನೆಟ್‌ವರ್ಕ್ ಅಗಲವಾದದ್ದು. ಎರಡನೆಯದು ಕಡಿಮೆ ಸಾಮರ್ಥ್ಯದ್ದು, ಆಪತ್ಕಾಲದಲ್ಲಿ ಸರ್ವರ್‌ಗಳು ತಮ್ಮತಮ್ಮಲ್ಲಿ ಸಂಪರ್ಕ ಉಳಿಸಿಕೊಳ್ಳಲು ಇದ್ದದ್ದು. ಇಡೀ ಸಂಚಾರವನ್ನು ಹೊರುವುದಕ್ಕೆಂದು ಅದನ್ನು ಕಟ್ಟಿರಲೇ ಇಲ್ಲ.

ಅಂದು ಮುಖ್ಯ ನೆಟ್‌ವರ್ಕ್‌ನ ಸಾಮರ್ಥ್ಯ ಹೆಚ್ಚಿಸುವ ಕೆಲಸ. ಅದರ ಒಂದು ರೌಟರ್‌ನಿಂದ ಇನ್ನೊಂದು ರೌಟರ್‌ಗೆ ಸಂಚಾರ ಹೊರಳಿಸಬೇಕಿತ್ತು. ತಪ್ಪಿ, ಅದು ಆ ಇಕ್ಕಟ್ಟಿನ ಎರಡನೇ ನೆಟ್‌ವರ್ಕ್‌ಗೆ ಹೊರಳಿತು. ಅದು ತುಂಬಿ ನಿಂತಿತು. ಮುಖ್ಯ ದಾರಿಯೂ ಇಲ್ಲ, ಬದಲಿ ದಾರಿಯೂ ಇಲ್ಲ. ಸರ್ವರ್‌ಗಳು ತಮ್ಮ ಪ್ರತಿ ಇಟ್ಟುಕೊಂಡಿದ್ದ ಜೊತೆಗಾರರನ್ನು ಕಳೆದುಕೊಂಡವು.

ತಪ್ಪು ತಿದ್ದಿದ ಮೇಲೆ ನಿಜವಾದ ತೊಂದರೆ ಶುರುವಾಯಿತು. ಜೊತೆಗಾರರನ್ನು ಕಳೆದುಕೊಂಡ ಅಸಂಖ್ಯ ಸರ್ವರ್‌ಗಳು ಏಕಕಾಲಕ್ಕೆ ಹೊಸ ಪ್ರತಿ ಮಾಡಲು ಜಾಗ ಹುಡುಕಿದವು. ಖಾಲಿ ಜಾಗ ಮುಗಿಯಿತು. ಸಿಗದವು ಮತ್ತೆ ಮತ್ತೆ ಹುಡುಕುತ್ತಲೇ ಇದ್ದವು. ಆ ಡೇಟಾ ಸೆಂಟರ್ ವಲಯದ ಶೇ 13ರಷ್ಟು ವಾಲ್ಯೂಮ್‌ಗಳು, ಅಂದರೆ ಗ್ರಾಹಕರ ಸ್ಟೋರೇಜ್ ಭಾಗಗಳು, ಸಿಕ್ಕಿಹಾಕಿಕೊಂಡವು. ಅಮೆಜಾನ್ ಸರ್ವರ್‌ಗಳ ಮೇಲೆ ನಡೆಯುತ್ತಿದ್ದ ರೆಡಿಟ್, ಕೋರಾದಂಥ ತಾಣಗಳು ಸ್ತಬ್ಧವಾದವು. ಚೇತರಿಕೆಗೆ ದಿನಗಳೇ ಬೇಕಾದವು. ಕೊನೆಗೂ ಶೇ 0.07ರಷ್ಟು ವಾಲ್ಯೂಮ್‌ಗಳನ್ನು ಸರಿಯಾದ ಸ್ಥಿತಿಗೆ ಮರಳಿಸಲು ಆಗಲೇ ಇಲ್ಲ.

ಮುಂಬೈಯಲ್ಲಿ ನಿಂತ ಷೇರುಪೇಟೆ

ನಮ್ಮಲ್ಲಿಯ ಉದಾಹರಣೆ 2021ರ ಫೆಬ್ರುವರಿ 24ರದು. ಅಂದು ಬೆಳಿಗ್ಗೆ 11.40ಕ್ಕೆ ರಾಷ್ಟ್ರೀಯ ಷೇರು ವಿನಿಮಯ ಕೇಂದ್ರದಲ್ಲಿ ವಹಿವಾಟು ನಿಂತಿತು. ಮತ್ತೆ ಆರಂಭವಾದದ್ದು ಮಧ್ಯಾಹ್ನ 3.45ಕ್ಕೆ. ದೇಶದಾದ್ಯಂತ ಹೂಡಿಕೆದಾರರು ಪರದೆ ನೋಡುತ್ತ ಕೂತರು.

ವಿನಿಮಯ ಕೇಂದ್ರ ಕೊಟ್ಟ ವಿವರಣೆ ಗಮನಿಸುವಂಥದ್ದು. ಮುಖ್ಯ ಕೇಂದ್ರವನ್ನು ಬದಲಿ ಕೇಂದ್ರಕ್ಕೆ ಜೋಡಿಸಲು ಅದರ ಬಳಿ ಒಂದಲ್ಲ, ಎರಡು ಬೇರೆ ಬೇರೆ ದೂರಸಂಪರ್ಕ ಕಂಪನಿಗಳಿಂದ ಪಡೆದ ಹಲವು ಲಿಂಕ್‌ಗಳಿದ್ದವು. ರಸ್ತೆ ಅಗೆತ, ಕಾಮಗಾರಿಗಳಿಂದಾಗಿ ಎರಡೂ ಕಂಪನಿಗಳ ಲಿಂಕ್‌ಗಳೂ ಅಂದು ಅಸ್ಥಿರವಾದವು. ಹಾಗಾದರೂ ಮುಖ್ಯ ಕೇಂದ್ರದ ಸ್ಟೋರೇಜ್ ತನ್ನ ಪಾಡಿಗೆ ನಡೆಯಬೇಕಿತ್ತು. ಆದರೆ ಅದು ನಿರೀಕ್ಷಿಸದ ರೀತಿಯಲ್ಲಿ ವರ್ತಿಸಿ, ಪಕ್ಕದಲ್ಲೇ ಇದ್ದ ಸರ್ವರ್‌ಗಳಿಗೂ ಸಿಗದಂತಾಯಿತು. ಅಪಾಯ ನಿರ್ವಹಣೆಯ ವ್ಯವಸ್ಥೆ ನಿಂತಿತು, ಅದರೊಡನೆ ಪೇಟೆಯೂ ನಿಂತಿತು.

ಬಿಲ್ಲಿನಲ್ಲಿ ಎರಡು ಕಂಪನಿಗಳ ಹೆಸರಿದ್ದರೂ ನೆಲದಡಿಯ ಕಷ್ಟ ಎರಡಕ್ಕೂ ಒಂದೇ ದಿನ ಬರಬಹುದು. ದಾರಿ ಕಡಿದಾಗ ಸ್ಟೋರೇಜ್ ಯಾವ ತೀರ್ಮಾನಕ್ಕೆ ಬರುತ್ತದೆ ಎಂಬುದನ್ನು ದಾರಿ ಕಡಿದು ನೋಡದೆ ತಿಳಿಯಲಾಗದು.

ಅರ್ಧ ಖಾಲಿ ಇಡುವ ಶಿಸ್ತು

ಮೊದಲು ಹೇಳಿದ ಎರಡು ಆಸೆಗಳ ಜಗಳಕ್ಕೆ ಬರೋಣ. ಎರಡು 25 ಗಿಗಾಬಿಟ್ ಕೇಬಲ್‌ಗಳ ಮೇಲೆ ಒಟ್ಟು 30 ಗಿಗಾಬಿಟ್ ಸಂಚಾರವಿದೆ ಎನ್ನಿ. ಒಂದೊಂದರ ಮೇಲೆ 15, ಅಂದರೆ ಶೇ 60. ನಿಗಾ ವಹಿಸುವ ಪರದೆಯಲ್ಲಿ ಎಲ್ಲ ಹಸಿರು. ಒಂದು ಕೇಬಲ್ ಹೋದ ಕ್ಷಣ 25ರ ದಾರಿಗೆ 30ರ ಭಾರ. ಹೆಚ್ಚಾದ 5 ಗಿಗಾಬಿಟ್ ಚೆಲ್ಲಿಹೋಗುತ್ತದೆ, ಚೆಲ್ಲಿದ್ದನ್ನು ಎಲ್ಲರೂ ಮತ್ತೆ ಕಳಿಸುತ್ತಾರೆ, ನಾಡಿ ನೋಡುವ ಪ್ಯಾಕೆಟ್‌ಗಳೂ ಅದರಲ್ಲೇ ಕಳೆದುಹೋಗುತ್ತವೆ, ಬದುಕಿರುವ ಸರ್ವರ್‌ಗಳು ಸತ್ತವುಗಳ ಪಟ್ಟಿ ಸೇರುತ್ತವೆ, ಅವುಗಳ ಪ್ರತಿ ಮಾಡುವ ಹೊಸ ಸಂಚಾರ ಅದೇ ಕೇಬಲ್‌ ಮೇಲೆ ಏರುತ್ತದೆ.

ಆ ವ್ಯವಸ್ಥೆಗೆ ಎರಡು ಕೇಬಲ್ ಇದ್ದವು, ಆಸರೆ ಇರಲಿಲ್ಲ. ಯಾವ ದಿನ ಒಟ್ಟು ಸಂಚಾರ 25 ದಾಟಿತೋ ಅಂದೇ ಆ ಆಸರೆ ಸದ್ದಿಲ್ಲದೆ ಹೊರಟುಹೋಗಿತ್ತು. ಆದ್ದರಿಂದ ಎರಡು ಕೇಬಲ್ ಇದ್ದಲ್ಲಿ ಒಂದೊಂದನ್ನೂ ಅರ್ಧಕ್ಕಿಂತ ಕಡಿಮೆ ತುಂಬಬೇಕು. ಸ್ಟೋರೇಜ್‌ಗೆ ಪ್ರತಿ ಕಟ್ಟುವ ಭಾರವೂ ಇರುವುದರಿಂದ ಅರ್ಧಕ್ಕಿಂತ ಸಾಕಷ್ಟು ಕೆಳಗೇ ನಿಲ್ಲಬೇಕು. ಎರಡೂ ಕೇಬಲ್ ದುಡಿಯುವುದು ಒಳ್ಳೆಯದೇ, ಏಕೆಂದರೆ ದುಡಿಯುವ ಕೇಬಲ್‌ನ ದೋಷ ಬೇಗ ಕಣ್ಣಿಗೆ ಬೀಳುತ್ತದೆ. ವರ್ಷಗಟ್ಟಲೆ ಸುಮ್ಮನಿದ್ದದ್ದು ಬೇಕಾದ ದಿನ ಕೈಕೊಡುತ್ತದೆ. ಆದರೆ ದುಡಿಸುವುದೆಂದರೆ ತುಂಬಿಸುವುದು ಎಂದಾಗಬಾರದು. ಖಾಲಿ ಇರುವ ಆ ಅರ್ಧವನ್ನು ಪೋಲು ಎಂದು ಲೆಕ್ಕಪತ್ರ ವಿಭಾಗದವರು ಕರೆದರೆ, ನಾವು ಕೊಂಡದ್ದೇ ಆ ಅರ್ಧವನ್ನು ಎಂದು ಎಂಜಿನಿಯರುಗಳು ಧೈರ್ಯವಾಗಿ ಹೇಳಬೇಕು.

ಸರ್ಕಾರಿ ಇಲಾಖೆ, ಸಹಕಾರಿ ಬ್ಯಾಂಕ್, ಆಸ್ಪತ್ರೆ, ವಿಶ್ವವಿದ್ಯಾಲಯಗಳು ಟೆಂಡರ್ ಕರೆಯುವಾಗ ಎಷ್ಟು ಕೇಬಲ್, ಎಷ್ಟು ಸ್ವಿಚ್ ಎಂದು ಎಣಿಸಿ ನಿಲ್ಲಬಾರದು. ಅತಿ ಹೆಚ್ಚು ಕೆಲಸವಿರುವ ಹೊತ್ತಿನಲ್ಲಿ ಒಂದು ಕೇಬಲ್ ಕಿತ್ತರೆ ಎಷ್ಟು ಸೆಕೆಂಡಿನಲ್ಲಿ ಸಂಚಾರ ಹೊರಳುತ್ತದೆ, ಉಳಿದದ್ದು ಅಷ್ಟನ್ನೂ ಹೊರುತ್ತದೆಯೇ, ಎರಡೂ ದಾರಿ ನೆಲದಡಿಯಲ್ಲಿ ಎಲ್ಲಾದರೂ ಒಂದಾಗುತ್ತವೆಯೇ ಎಂದು ಬರಹದಲ್ಲಿ ಉತ್ತರ ಪಡೆಯಬೇಕು. ಪಡೆದ ಉತ್ತರವನ್ನು ಒಪ್ಪಿಸಿಕೊಳ್ಳುವ ದಿನವೇ ಕೇಬಲ್ ಕಿತ್ತು ಪರೀಕ್ಷಿಸಬೇಕು. ಆಮೇಲೂ ಪ್ರತಿ ಮೂರು ತಿಂಗಳಿಗೊಮ್ಮೆ, ಎಲ್ಲರಿಗೂ ಮೊದಲೇ ತಿಳಿಸಿ, ಜವಾಬ್ದಾರರು ಎದುರಿಗಿರುವಾಗಲೇ ಕೀಳಬೇಕು. ಅಲ್ಲಿ ಕೂಡಿಟ್ಟಿರುವುದು ಜನರ ಸಂಬಳ, ಜಮೀನು, ಆರೋಗ್ಯದ ದಾಖಲೆ. ಎರಡನೇ ಕೇಬಲ್ ಅವುಗಳನ್ನು ಕಾಯುತ್ತದೆಯೇ ಎಂಬುದನ್ನು ಅವಘಡದ ದಿನ ತಿಳಿದುಕೊಳ್ಳುವ ಹಕ್ಕು ಯಾವ ಸಂಸ್ಥೆಗೂ ಇಲ್ಲ.